ಅಮ್ಮ ಇದ್ದ ಮನೆಗೆ ಸುಣ್ಣ

ನಮ್ಮ ಸೀತತ್ತೆಯಂಥ ಹೆದರುಪುಕ್ಕಲಿಯನ್ನು ನಾನು ಈ ಜನ್ಮದಲ್ಲಿ ಇನ್ನೊಬ್ಬಳನ್ನು ಕಂಡಿಲ್ಲ. ಹಲ್ಲಿಗೆ ಹೆದರುತ್ತಿದ್ದಳು, ಗುಡುಗಿಗೆ ಹೆದರುತ್ತಿದ್ದಳು, ಬಸ್ಸು ಹತ್ತಿದರೆ ಕಂಬಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಂಚೆಯವನು ಸೈಕಲ್ ಬೆಲ್ಲು ಬಾರಿಸಿದರೆ "ಅಯ್ಯೋ, ಯಾರಿಗೇನಾಯ್ತೋ" ಎಂದು ಎದೆ ಹಿಡಿದುಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ಸರ್ಕಾರದ ಕಡೆಯಿಂದ ಬರುವ ಗಂಡಸರಿಗೆ. ಕಾಕಿ ಬಟ್ಟೆ ಕಂಡರೆ ಸಾಕು, ಬಾಗಿಲು ಮುಚ್ಚಿ ಅಗುಳಿ ಹಾಕುತ್ತಿದ್ದಳು. ಅಂಥವಳು ಒಬ್ಬಳೇ ನಿಂತು ಇಡೀ ಮನೆಗೆ ಸುಣ್ಣ ಹೊಡೆದಳು ಅಂದರೆ ನಮ್ಮ ನೆಂಟರು ಈಗಲೂ ನಗುತ್ತಾರೆ. ನಗಲಿ. ಆ ನಗುವವರಲ್ಲಿ ಒಬ್ಬರಾದರೂ ಆ ದಿನಗಳಲ್ಲಿ ನಮ್ಮ ಹೊಸಿಲು ತುಳಿದಿದ್ದರೇ ಅಂತ ಕೇಳಿ ನೋಡಿ.

ಅತ್ತೆ ನಮ್ಮಪ್ಪನ ಅಕ್ಕ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದವಳು. ಹತ್ತೊಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡಳು. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ಅಮ್ಮ ಬಂದಿತ್ತಂತೆ. ಅಮ್ಮ ಅಂದರೆ ಸಿಡುಬು. ಆಗೆಲ್ಲ ಆ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೇವಿಯೇ ಮನೆಗೆ ಬಂದಿದ್ದಾಳೆ ಎಂದು ನಡೆದುಕೊಳ್ಳುತ್ತಿದ್ದರು. ಇಬ್ಬರನ್ನೂ ಗಾಡಿಯಲ್ಲಿ ಹಾಕಿಕೊಂಡು ಊರಾಚೆಯ ಆಸ್ಪತ್ರೆಗೆ ಒಯ್ದರು. ತಿಂಗಳಾದ ಮೇಲೆ ಅತ್ತೆ ಮುಖದ ತುಂಬ ಕಲೆ ಹೊತ್ತುಕೊಂಡು ಒಬ್ಬಳೇ ವಾಪಸು ಬಂದಳು. ಅಂದಿನಿಂದ ಆಸ್ಪತ್ರೆಯ ಗಾಡಿ ಅಂದರೆ ಅವಳ ಕೈಕಾಲು ತಣ್ಣಗಾಗುತ್ತಿತ್ತು.

ನನ್ನನ್ನು ಹೆತ್ತವಳು ಹೆತ್ತ ವರ್ಷವೇ ತೀರಿಕೊಂಡಳು. ಸಾಕಿದವಳು ಅತ್ತೆಯೇ. ಅಪ್ಪ ಸೇತುರಾಮ ಸರ್ವೇ ಇಲಾಖೆಯಲ್ಲಿದ್ದ. ತಿಂಗಳಲ್ಲಿ ಇಪ್ಪತ್ತು ದಿನ ಕ್ಯಾಂಪು. ಜಯನಗರದ ಹೊಸ ಮನೆಯಲ್ಲಿ ನಾವಿಬ್ಬರೇ ಇರುತ್ತಿದ್ದೆವು. ಎಡಕ್ಕೆ ಖಾಲಿ ಸೈಟು, ಹಿಂದೆ ಬೈರಮ್ಮನ ಮನೆ ಮತ್ತು ಅವಳ ಎಮ್ಮೆ ಕೊಟ್ಟಿಗೆ. ಬಡಾವಣೆ ಆಗುವುದಕ್ಕೆ ಮುಂಚೆ ಆ ಜಾಗವೆಲ್ಲ ಬೈರಮ್ಮನ ಮಾವನ ರಾಗಿ ಹೊಲವಂತೆ. ನಮಗೆ ಹಾಲು ಹಾಕುತ್ತಿದ್ದವಳು ಅವಳೇ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಒಂದು ಹೆಣ್ಣುಕೂಸು ಹೆತ್ತಿದ್ದಳು. ಅದನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ.

ಚಳಿಗಾಲದಲ್ಲಿ ಮನೆಮನೆಗೆ ದಾಕು ಹಾಕುವವರು ಬರುತ್ತಿದ್ದರು. ತೋಳಿನ ಮೇಲೆ ಗೀರಿ, ಸಿಡುಬು ಬರದ ಹಾಗೆ ಮದ್ದು ಹಾಕುವವರು. ಪ್ರತಿ ಸಲವೂ ಅತ್ತೆ ನನ್ನನ್ನು ಬಚ್ಚಲಮನೆಯ ಹಂಡೆಯ ಹಿಂದೆ ಕೂರಿಸಿ, "ಈ ಮನೇಲಿ ಮಕ್ಕಳಿಲ್ಲ ಸಾರ್" ಎನ್ನುತ್ತಿದ್ದಳು. ಅಷ್ಟೇ ಆಗಿದ್ದರೆ ಸರಿ. "ಎಳೇ ಕೂಸು ಕಣೇ, ಆ ಕಟುಕರ ಕೈಗೆ ಕೊಡಬೇಡ" ಎಂದು ಬೈರಮ್ಮನಿಗೂ ಹೇಳಿಕೊಟ್ಟಿದ್ದಳು. ಬೈರಮ್ಮ ಮಗುವನ್ನು ಹುಲ್ಲಿನ ಮೆದೆಯ ಹಿಂದೆ ಬಚ್ಚಿಟ್ಟಳು. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಂದು ಗೀರಿಗೆ ಇಷ್ಟು ಹೆದರುವುದೇ!

ಐವತ್ತೆಂಟನೇ ಇಸವಿ. ಯುಗಾದಿಗೆ ಹನ್ನೆರಡು ದಿನ ಇರುವಾಗ ನನಗೆ ಜ್ವರ ಬಂತು. ನಾಲ್ಕನೇ ದಿನ ಹಣೆಯ ಮೇಲೆ ಗುಳ್ಳೆ ಎದ್ದವು. ನನಗಾಗ ಒಂಬತ್ತು ವರ್ಷ. ಅತ್ತೆ ದೀಪ ತಂದು ನನ್ನ ಮುಖಕ್ಕೆ ಹಿಡಿದು ನೋಡಿದಳು. ನೋಡಿದವಳೇ ಗೋಡೆಗೆ ಒರಗಿ ಕುಸಿದು ಕೂತಳು. "ಕೈಯಾರೆ ನಾನೇ ಮಾಡ್ದೆ, ನಾನೇ ಮಾಡ್ದೆ" ಎನ್ನುತ್ತ ಹಣೆ ಚಚ್ಚಿಕೊಂಡಳು. ನನಗೆ ಬಂದಿರುವುದೇನು ಎಂದು ಅವಳ ಮುಖ ನೋಡಿಯೇ ತಿಳಿಯಿತು.

ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ಪದ್ಧತಿ. ಅತ್ತೆ ಕಟ್ಟಲಿಲ್ಲ. ಸೊಪ್ಪನ್ನು ತಂದು ನನ್ನ ಚಾಪೆಯ ಕೆಳಗೆ ಹಾಸಿದಳು. ಬಾಗಿಲಲ್ಲಿ ಸೊಪ್ಪು ಕಂಡರೆ ಯಾರಾದರೂ ಹೇಳುತ್ತಾರೆ, ಹೇಳಿದರೆ ಗಾಡಿ ಬರುತ್ತದೆ, ಗಾಡಿಯಲ್ಲಿ ಹೋದರೆ ನಾನು ತಿರುಗಿ ಬರುವುದಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಇಷ್ಟೇ. ಅಪ್ಪನಿಗೂ ಕಾಗದ ಬರೆಯಲಿಲ್ಲ. ಹಾಲು ತಂದ ಬೈರಮ್ಮನಿಗೆ ಗೇಟಿನಲ್ಲೇ, "ಸರೂ ಅವರಪ್ಪನ ಜೊತೆ ಕ್ಯಾಂಪಿಗೆ ಹೋದ್ಲು" ಎಂದು ಹೇಳಿ ಪಾತ್ರೆ ಇಸಿದುಕೊಂಡಳು. ನಾನು ಸಣ್ಣ ಕೋಣೆಯಲ್ಲಿ ಮಲಗಿಕೊಂಡು ಅದನ್ನು ಕೇಳಿಸಿಕೊಂಡೆ.

ಮಾರನೇ ದಿನ ಪುಟ್ಟೇನಹಳ್ಳಿಯಿಂದ ಚಿಕ್ಕಬೈರಪ್ಪ ಬಂದ. ಯುಗಾದಿಗೆ ನಮ್ಮ ಬೀದಿಯ ಮನೆಗಳಿಗೆಲ್ಲ ಸುಣ್ಣ ಹೊಡೆಯುತ್ತಿದ್ದವನು ಅವನೇ. ಸುಣ್ಣದ ಕಲ್ಲು, ನಾರಿನ ಕುಂಚ ಎಲ್ಲ ಹೊತ್ತು ತಂದಿದ್ದ. ಅತ್ತೆ ಕಿಟಕಿಯಿಂದಲೇ "ಈ ವರ್ಷ ಬೇಡಪ್ಪ" ಅಂದಳು.

"ಯಾಕ್ರಮ್ಮಾವ್ರೇ? ಹಬ್ಬಕ್ಕೆ ಸುಣ್ಣ ಕಾಣ್ದೆ ಇರ್ತದಾ ಮನೆ?" ಎಂದವನು ಬಾಗಿಲಿನ ಮೇಲೆ ನೋಡಿದ. "ಒಳಗೇನಾರಾ... ಅಮ್ಮ ಗಿಮ್ಮ..."

ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹುರಿಯುವಂತಿಲ್ಲ, ಸುಣ್ಣವನ್ನಂತೂ ತರಲೇಬಾರದು. ಸುಣ್ಣದ ಕಲ್ಲು ನೀರಿಗೆ ಬಿದ್ದರೆ ಕುದಿಯುತ್ತದೆ. ಆ ಕಾವು ದೇವಿಗೆ ಆಗದು, ಮಗುವಿನ ಕಣ್ಣು ಕಿತ್ತುಕೊಂಡು ಹೋಗುತ್ತಾಳೆ ಎಂದು ಎಲ್ಲರೂ ನಂಬಿದ್ದ ಕಾಲ. ಹಾಗಾಗಿ ಹಬ್ಬಕ್ಕೆ ಸುಣ್ಣ ಕಾಣದ ಮನೆ ಅಂದರೆ ಎಲ್ಲರಿಗೂ ಅನುಮಾನ.

ಅತ್ತೆಗೆ ಬೆವರು ಕಿತ್ತುಕೊಂಡು ಬಂತಂತೆ. "ಥೂ, ಬಿಡ್ತು ಅನ್ನು! ಈ ಸಲ ನಾನೇ ಹೊಡ್ಕೋತೀನಿ. ಕಲ್ಲು, ಕುಂಚ ಅಲ್ಲೇ ಜಗಲಿ ಮೇಲಿಟ್ಟು ಹೋಗು" ಅಂದುಬಿಟ್ಟಳು. ಚಿಕ್ಕಬೈರಪ್ಪ ಗೊಳ್ಳೆಂದು ನಕ್ಕ. "ನೀವಾ? ಮೇಜು ಹತ್ತಿದ್ರೆ ತಲೆ ತಿರುಗ್ತದೆ ಅಂತಿದ್ರಲ್ರಮ್ಮಾ!" ಎಂದು ಕಲ್ಲು, ಕುಂಚ ಇಟ್ಟು ಹೋದ.

ಬಾಯಿಗೆ ಬಂದದ್ದು ಅಂದದ್ದಾಗಿತ್ತು. ಆಮೇಲೆ ಅವಳಿಗೆ ಹೊಳೆಯಿತು, ಅದೇ ಸರಿ. ಅಮ್ಮ ಇರುವ ಮನೆಗೆ ಯಾರೂ ಸುಣ್ಣ ಹೊಡೆಯುವುದಿಲ್ಲ. ಸುಣ್ಣ ಹೊಡೆದರೆ ಈ ಮನೆಯಲ್ಲಿ ಅಮ್ಮ ಇಲ್ಲ ಎಂದು ಎಲ್ಲರೂ ನಂಬುತ್ತಾರೆ. ನಂಬುತ್ತಾರೆ, ಆದರೆ ದೇವಿ?

ದೇವರ ಮುಂದೆ ನಿಂತು "ತಪ್ಪಾಯ್ತು ತಾಯಿ, ನನ್ನ ಕಣ್ಣು ತಗೋ, ಅವಳದ್ದು ಬಿಡು" ಎಂದು ಗಲ್ಲ ಬಡಿದುಕೊಳ್ಳುವುದು ನನಗೆ ಕೇಳಿಸಿತು. ಹಿತ್ತಿಲಿಗೆ ಹೋಗಿ ಬಾನಿಯ ನೀರಿಗೆ ಕಲ್ಲು ಸುರಿದಳು. ಅದು ಕೊತಕೊತ ಕುದಿಯುವ ಸದ್ದಿಗೆ ಚೀರಿ ಒಳಗೆ ಓಡಿ ಬಂದು, ನನ್ನ ಕಣ್ಣು ನೋಡಿದಳು. ರೆಪ್ಪೆಗಳು ಊದಿಕೊಂಡು ಅಂಟಿಕೊಂಡಿದ್ದವು. ಅವು ಬೆಳಗಿನಿಂದ ಹಾಗೇ ಇದ್ದವು. ಆದರೆ ಅವಳು ಸುಣ್ಣ ಕುದ್ದದ್ದರಿಂದಲೇ ಹಾಗಾಯಿತು ಎಂದುಕೊಂಡಳು.

ಅಲ್ಲಿಂದ ಮುಂದೆ ನಾನು ಕಣ್ಣಾರೆ ಏನನ್ನೂ ಕಂಡಿಲ್ಲ. ಕೇಳಿಸಿಕೊಂಡದ್ದು, ಅತ್ತೆ ಆಮೇಲೆ ಹೇಳಿದ್ದು, ಅಷ್ಟೇ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಸೋಸಿದ ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿ, ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಅವಳು. "ರಾಮ ರಾಮ" ಎಂದೊಮ್ಮೆ, ಕುಂಚ ಸರ್ರೆಂದೊಮ್ಮೆ. ಮೊದಲ ದಿನ ಅಡುಗೆಮನೆ ಮುಗಿಸಿ ಇಳಿದು ನೋಡಿದರೆ ಗೋಡೆ ಬೆಳ್ಳಗಾಗಿರಲೇ ಇಲ್ಲ! ಹಸಿ ಸುಣ್ಣ ಕೊಳೆ ನೀರಿನ ಹಾಗೆ ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇದು ಅವಳಿಗೇನು ಗೊತ್ತು? ದೇವಿಯೇ ಸುಣ್ಣ ಅಳಿಸಿಬಿಟ್ಟಳು ಎಂದುಕೊಂಡು ನನ್ನ ಪಕ್ಕದಲ್ಲಿ ಬಂದು ಮುದುರಿ ಕೂತಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಅತ್ತೆ, ನಾನು ಸಾಯ್ತೀನಾ?" ಎಂದೆ. "ಬಾಯ್ ಮುಚ್ಚು ಮುಂಡೇದೆ" ಎಂದು ಬೈದು, ನನ್ನ ಕೈ ಹಿಡಿದುಕೊಂಡಳು. ಬೆಳಗ್ಗೆ ಎದ್ದು ಅಡುಗೆಮನೆಗೆ ಹೋದವಳು ಅಲ್ಲಿಂದಲೇ, "ಸರೂ, ಬೆಳ್ಳಗಾಗಿದೆ ಕಣೇ!" ಎಂದು ಕೂಗಿದಳು.

ಮೂರು ದಿನದಲ್ಲಿ ಅಡುಗೆಮನೆ, ದೇವರಮನೆ, ಬಚ್ಚಲು, ನಡುಮನೆ ಎಲ್ಲ ಒಂದೊಂದು ಕೈ ಆಯಿತು. ಉಳಿದದ್ದು ನಾನು ಮಲಗಿದ್ದ ಕೋಣೆ. ಅದರ ಬಾಗಿಲಿಗೆ ಒಂದು ಹಳೇ ಸೀರೆ ಇಳಿಬಿಟ್ಟಿದ್ದಳು. ನಾಲ್ಕನೇ ದಿನ ಬೆಳಗ್ಗೆ, ನನ್ನ ಗುಳ್ಳೆಗಳನ್ನು ಬೇವಿನ ನೀರಿನಲ್ಲಿ ಒರೆಸಿ, ಎಲ್ಲರಿಗೂ ಕಾಣಲಿ ಎಂದು ಮುಂಬಾಗಿಲು ತೆರೆದಿಟ್ಟು, ನಡುಮನೆಗೆ ಎರಡನೇ ಕೈ ಹೊಡೆಯಲು ಮೇಜು ಹತ್ತಿದಳು. ಆಗ ಹೆಲ್ತ್ ಇನ್ಸ್‌ಪೆಕ್ಟರ್ ಬಂದ. ಹಿಂದಿನ ರಸ್ತೆಯಲ್ಲಿ ಯಾರಿಗೋ ಸಿಡುಬು ಆಗಿದೆ ಎಂದು ಮನೆಮನೆ ನೋಡುತ್ತಿದ್ದ. ಹೊಸಿಲಲ್ಲೇ ನಿಂತು, ಮೇಜಿನ ಮೇಲಿದ್ದ ಅತ್ತೆಯನ್ನು ನೋಡಿ ನಕ್ಕ.

"ಸುಣ್ಣ ಹೊಡೀತಿದ್ದೀರಾ? ಸರಿ ಬಿಡಿ, ಹಾಗಿದ್ರೆ ಈ ಮನೇಲಿ ಏನೂ ಇರಲ್ಲ." ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋದ.

ಗೆದ್ದಳು. ಆದರೆ ಅವಳ ಕೆಳಗಿನ ಸ್ಟೂಲು ಟಕಟಕ ಎನ್ನುವುದು ನನಗೆ ಕೋಣೆಯವರೆಗೂ ಕೇಳಿಸುತ್ತಿತ್ತು.

ಅದೇ ಹೊತ್ತಿಗೆ ಬೈರಮ್ಮನ ದನಿ, ನಡುಮನೆಯ ಒಳಗೇ. "ಅಬ್ಬಬ್ಬಾ ಸೀತಮ್ನೋರೇ, ಏನ್ ಬೆಳ್ಳಗ್ ಮಾಡ್ಬುಟ್ಟಿದೀರಿ! ಇದೊಂದ್ ಕೋಣೆ ತಾನೇ ಉಳ್ದಿರಾದು? ಬುಡಿ, ನಾನ್ ಬಳ್ದ್ ಕೊಡ್ತೀನಿ." ಹಾಗೆನ್ನುತ್ತ ಎಂದೂ ಸೊಂಟದಿಂದ ಇಳಿಸದ ಕೂಸನ್ನು ನೆಲಕ್ಕೆ ಬಿಟ್ಟು, ಸೆರಗು ಕಟ್ಟಿಕೊಂಡಳು. ಸುಣ್ಣ ಬಿದ್ದ ಮನೆಯಲ್ಲವೇ, ಇನ್ನೇನು ಭಯ?

ಕೂಸು ಅಂಬೆಗಾಲಿಟ್ಟು ಸೀರೆಯ ಪರದೆಯ ಕಡೆಗೇ ಬಂತು. ಅದರ ಗೆಜ್ಜೆ ಸದ್ದು ಹತ್ತಿರ ಹತ್ತಿರ ಬರುವುದು ನನಗೆ ಕೇಳುತ್ತಿತ್ತು.

"ಬೈರಮ್ಮಾ, ಮಗೂನ ಎತ್ಕೋ!"

"ಇರ್ಲಿ ಬುಡಿ, ಆಡ್ಕೊಳ್ಳಿ."

"ಎತ್ಕೋ ಅಂದ್ರೆ ಎತ್ಕೋ! ಆ ಕಡೆ ಬಿಡಬೇಡ!"

ಬೈರಮ್ಮನ ದನಿ ಬದಲಾಯಿತು. "ಓಹೋ, ಮಡೀನಾ? ನಮ್ ಎಮ್ಮೆ ಹಾಲ್ ಆಗ್ತದೆ, ನಮ್ ಕೂಸ್ ತೆವಳಿದ್ರೆ ಮೈಲಿಗೆನಾ ನಿಮ್ಗೆ?"

ಅತ್ತೆ ಮೇಲಿನಿಂದ ಧುಮುಕಿದಳು. ಬಕೆಟ್ಟು ಉರುಳಿ ನೆಲವೆಲ್ಲ ಸುಣ್ಣವಾಯಿತು. ಕೈ ಚಾಚಿದರೆ ಮಗು ಸಿಗುತ್ತಿತ್ತು. ಆದರೆ ಆಗತಾನೇ ನನ್ನ ಗುಳ್ಳೆ ಒರೆಸಿದ ಕೈ ಅದು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಪರದೆಗೂ ಮಗುವಿಗೂ ನಡುವೆ ಮಂಡಿಯೂರಿ ಕೂತಳಂತೆ.

"ಮಡಿ ಅಲ್ಲ ಕಣೇ ಬೈರಮ್ಮ! ನಾನು ಮುಟ್ಟೋ ಹಾಗಿಲ್ಲ. ಒಳಗೆ ಅಮ್ಮ ಇದ್ದಾಳೆ. ಸರೂಗೆ ಅಮ್ಮ ಬಂದಿದೆ. ನಾನು ಸುಳ್ಳು ಹೇಳ್ದೆ. ಎತ್ಕೊಂಡು ಓಡು!"

ಬೈರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅತ್ತೆ ಎಷ್ಟೋ ಸಲ ಹೇಳಿದ್ದಾಳೆ. ಕೂಸನ್ನು ಬಾಚಿಕೊಂಡು ಓಡಿದಳು, ಅಷ್ಟೇ.

ಅತ್ತೆ ಅವಳ ಹಿಂದೆಯೇ ಬೀದಿಗೆ ಓಡಿದಳು. ಮೈ ತುಂಬ ಸುಣ್ಣ, ಬರಿಗಾಲು, ತಲೆಯ ಮೇಲಿನ ಸೆರಗು ಎಲ್ಲೋ. ಕಾಕಿ ಕಂಡರೆ ಅಗುಳಿ ಹಾಕುತ್ತಿದ್ದವಳು ಮೂರು ಮನೆ ದಾಟಿದ್ದ ಇನ್ಸ್‌ಪೆಕ್ಟರನ್ನು ಅಟ್ಟಿಸಿಕೊಂಡು ಹೋಗಿ ಅಡ್ಡ ನಿಂತಳು. ನಿಜ ಹೇಳಿದಳು. ಅವನಿಗೆ ಸಿಟ್ಟು ನೆತ್ತಿಗೇರಿತು.

"ಎಷ್ಟು ದಿನದಿಂದ ಮುಚ್ಚಿಟ್ಟಿದ್ದೀರಮ್ಮಾ? ಬುದ್ಧಿ ಇದೆಯಾ ನಿಮಗೆ?"

"ಆಮೇಲೆ ಬಯ್ಯಿರಿ ಸಾರ್. ಮೊದ್ಲು ಆ ಕೂಸಿಗೆ ದಾಕು ಹಾಕಿ."

ಅವತ್ತು ಮಧ್ಯಾಹ್ನದೊಳಗೆ ಬೀದಿಯವರಿಗೆಲ್ಲ ದಾಕು ಹಾಕಿದರು. ಸಂಜೆಗೆ ಗಾಡಿ ಬಂತು. ಮೊದಲು ಹತ್ತಿ ಕೂತವಳು ಅತ್ತೆ. ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. "ಬೈರಮ್ಮನ ಕೂಸಿಗೆ ಏನೂ ಆಗದಿರಲಿ" ಎನ್ನುವುದೊಂದೇ ದಾರಿಯುದ್ದಕ್ಕೂ ಅವಳ ಬಾಯಲ್ಲಿ. ನನ್ನ ಮಾತೇ ಎತ್ತಲಿಲ್ಲ ಎಂದು ನನಗೆ ಕೋಪವೂ ಬಂತು, ಸುಳ್ಳೇಕೆ ಹೇಳಲಿ.

ನಾನು ಬದುಕಿದೆ. ಎಡಗಣ್ಣು ಹೋಯಿತು. ಸುಣ್ಣ ಕುದ್ದದ್ದಕ್ಕೆ ಹೋಯಿತು ಎನ್ನುವ ನೆಂಟರ ಜೊತೆ ಇವತ್ತಿಗೂ ಜಗಳವಾಡುತ್ತೇನೆ. ಹೋದದ್ದು ಹಂಡೆಯ ಹಿಂದೆ ಕೂತಿದ್ದಕ್ಕೆ.

ನಾವು ವಾಪಸು ಬರುವಷ್ಟರಲ್ಲಿ ಯುಗಾದಿ ಕಳೆದು ತಿಂಗಳಾಗಿತ್ತು. ಸುದ್ದಿ ತಿಳಿದು ಕ್ಯಾಂಪಿನಿಂದ ಬಂದಿದ್ದ ಅಪ್ಪ ಗೇಟು ತೆಗೆದ. ಅತ್ತೆ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಅಮ್ಮ ಹೋದ ಮೇಲೆ ಸುಣ್ಣ ಬೀಳದ ಕೋಣೆಗೆ ನನ್ನನ್ನು ಹೇಗೆ ಕರೆದುಕೊಂಡು ಹೋಗುವುದು ಎಂದು ಅವಳ ಚಿಂತೆ. ಚಿಕ್ಕಬೈರಪ್ಪ ಈ ಮನೆಯ ಗಾಳಿಗೂ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದನಂತೆ. ನಾನು ಇದ್ದ ಒಂದು ಕಣ್ಣಿನಲ್ಲಿ ಒಳಗೆ ಇಣುಕಿದೆ. ಸೀರೆಯ ಪರದೆ ಇರಲಿಲ್ಲ. ಕೋಣೆ ಬೆಳ್ಳಗಿತ್ತು. ಉರುಳಿದ ಸುಣ್ಣವನ್ನು ಉಜ್ಜಿ ತೊಳೆದು, ನೆಲ ಒರೆಸಿ, ಹೊಸಿಲಿಗೆ ಅರಿಶಿನ ಹಚ್ಚಿತ್ತು.

"ಯಾರು ಹೊಡೆದದ್ದೋ ಇದು?" ಎಂದಳು ಅತ್ತೆ. ಅಪ್ಪ ಹಿಂದೆ ತಿರುಗಿ ನೋಡಿದ.

ಗೇಟಿನಲ್ಲಿ ಬೈರಮ್ಮ ನಿಂತಿದ್ದಳು. ಸೊಂಟದಲ್ಲಿ ಕೂಸು. ಅದರ ತೋಳಿನ ಮೇಲೆ ದಾಕಿನ ಗಾಯ ಒಣಗಿ ಹಕ್ಕಳೆ ಉದುರಿತ್ತು. ಮುಖದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಅತ್ತೆ ಅದನ್ನು ನೋಡಿದವಳೇ, ಅವತ್ತಿನ ಹಾಗೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ಬೈರಮ್ಮ ಸೀದಾ ಒಳಗೆ ಬಂದಳು. ಅತ್ತೆಯ ಕೈಗಳನ್ನು ತಾನೇ ಮುಂದಕ್ಕೆ ಎಳೆದು, ಕೂಸನ್ನು ಅವುಗಳ ಮೇಲೆ ಇಟ್ಟಳು.

"ಅವತ್ತು ಮುಟ್ನಿಲ್ವಲ್ಲ ಸೀತಮ್ನೋರೇ. ಈಗ್ ಎತ್ಕಳಿ."