ಕಂತು ಹುಟ್ಟುವ ಜಾಗಕ್ಕೆ ಒಂದು ಸವಾರಿ

ಮಸ್ಕತ್ತಿನ ವಾದಿ ಅದಾಯ್‌ನ ಕಾರು ಶೋರೂಮಿನಲ್ಲಿ ಡಾಲಿಬಾಯಿಯ ಮೇಜು ಎಲ್ಲಕ್ಕಿಂತ ಹಿಂದೆ, ನೀರಿನ ಕ್ಯಾನಿನ ಪಕ್ಕದಲ್ಲಿತ್ತು. ಮುಂದೆ ಗಾಜಿನ ಬದಿಯಲ್ಲಿ ಕಾರುಗಳು ಎಷ್ಟೇ ಮಿರುಗಲಿ, ಅವುಗಳ ಸಾಲದ ಕಾಗದ ಈ ಮೇಜನ್ನು ದಾಟದೆ ಚಕ್ರ ಹೊರಳುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ. ಉಡುಪಿ ಕಡೆಯ ಶಿರ್ವದಿಂದ ಬಂದ ಕುಳ್ಳಗಿನ ಹೆಂಗಸು, ದನಿ ಮಾತ್ರ ಮೂರು ರಸ್ತೆಗೆ ಕೇಳಿಸುವಂಥದ್ದು. ಅವರು "ಆಗ್ತದೆ" ಎಂದರೆ ಆಗುತ್ತದೆ, "ಆಗುದಿಲ್ಲ" ಎಂದರೆ ಮಸ್ಕತ್ತಿನ ಯಾವ ದೊಡ್ಡ ಮನುಷ್ಯ ಬಂದು ಕೂತರೂ ಆಗುವುದಿಲ್ಲ.

ಅವರದೊಂದು ನಿಯಮವಿತ್ತು. ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲದ ನಿಯಮ. ಬೇರೆಯವರ ಜಾಮೀನಿನ ಮೇಲೆ ಕಾರು ಕೊಳ್ಳುವವನು, ಸಹಿಗೆ ಮುಂಚೆ, ಜಾಮೀನುದಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕಾರಿನಲ್ಲಿ ಕಂತಿನ ದುಡ್ಡು ಹುಟ್ಟುವ ಜಾಗಕ್ಕೆ ಒಮ್ಮೆ ಹೋಗಿಬರಬೇಕು. ಅಂಗಡಿಯಾದರೆ ಅಂಗಡಿಗೆ, ತೋಟವಾದರೆ ಊರಾಚೆ ದೂರದ ಸಹಮ್‌ವರೆಗೂ ಸೈ. ಹಿಂದಿನ ಸೀಟಿನಲ್ಲಿ ಸ್ವತಃ ಡಾಲಿಬಾಯಿ. ಸೇಲ್ಸಿನ ಹುಡುಗರು ಇದಕ್ಕೆ 'ಬಾಯಿಯ ತೀರ್ಥಯಾತ್ರೆ' ಎಂದು ಹೆಸರಿಟ್ಟು ನಗುತ್ತಿದ್ದರು. ನಗಲಿ ಬಿಡಿ, ನಗುವುದಕ್ಕೇನು ಖರ್ಚೇ?

ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಎಂಟು ವರ್ಷದ ಹಿಂದೆ ಅವರ ಊರಿನವರೇ ಆದ ಗ್ಲಾಡ್ವಿನ್ ಎಂಬುವರು ಮಗನ ಕಾರಿಗೆ ಜಾಮೀನು ಹಾಕಿದ್ದರು. ಪೆನ್ನು ಕೊಟ್ಟು, ಇಲ್ಲಿ, ಮತ್ತೆ ಇಲ್ಲಿ ಎಂದು ಬೆರಳಿಟ್ಟು ತೋರಿಸಿದವರು ಡಾಲಿಬಾಯಿಯೇ. ಮಗ ಕಂತು ತಪ್ಪಿಸಿದ, ಜಾಮೀನು ಹಾಕಿದ ಅಪ್ಪನ ಮೇಲೂ ಕೇಸಾಯಿತು. ಊರಿನಲ್ಲಿ ತಾಯಿ ತೀರಿಕೊಂಡ ದಿನ ಗ್ಲಾಡ್ವಿನ್‌ರನ್ನು ವಿಮಾನ ನಿಲ್ದಾಣದಲ್ಲೇ ತಡೆದರು, ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೆ ಅವರು ಶೋರೂಮಿಗೆ ಬಂದರು. ಬೈಯಲಿಲ್ಲ. "ಡಾಲಿ, ನೀನಾದರೂ ಒಂದು ಮಾತು ಕೇಳಬಹುದಿತ್ತಲ್ಲ" ಎಂದಷ್ಟೇ ಹೇಳಿ ಹೋದರು. ಆ ಒಂದು ಮಾತನ್ನು ಹೇಗೆ ಕೇಳುವುದೆಂದು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡು ಡಾಲಿಬಾಯಿ ಈ ಸವಾರಿಯನ್ನು ಕಂಡುಕೊಂಡಿದ್ದರು.

ಈ ವರ್ಷದ ಜೂನ್‌ನಲ್ಲಿ ಆ ನಿಯಮ ಅವರ ಕುತ್ತಿಗೆಗೇ ಬಂತು. ತಿಂಗಳಿಗೆ ಎಂಟು ಸಾಲದ ಫೈಲು ಮುಗಿಯಬೇಕು. ಹಿಂದಿನ ಎರಡು ತಿಂಗಳೂ ಅಷ್ಟು ಮುಗಿದಿರಲಿಲ್ಲ. ಮ್ಯಾನೇಜರ್ ಟೆರೆನ್ಸ್ ಕರೆದು, ಮೂರನೇ ತಿಂಗಳೂ ಹೀಗೇ ಆದರೆ ವೀಸಾ ನವೀಕರಣಕ್ಕೆ ತಾನು ಸಹಿ ಹಾಕುವಂತಿಲ್ಲ ಎಂದು ಮುಖ ತಗ್ಗಿಸಿಯೇ ಹೇಳಿದ್ದ. ಊರಿನಲ್ಲಿ ಗಂಡ ವಿಕ್ಟರ್‌ಗೆ ಬೆನ್ನಿನ ಆಪರೇಷನ್ ಆಗಿತ್ತು, ಮಗಳು ಕ್ರಿಸ್ಟಲ್‌ಳ ನರ್ಸಿಂಗ್ ಇನ್ನೂ ಒಂದು ವರ್ಷ ಬಾಕಿ. ಜೂನ್ ಇಪ್ಪತ್ತೈದಕ್ಕೆ ಏಳು ಫೈಲು ಮುಗಿದಿದ್ದವು. ಒಂದು, ಬರೀ ಒಂದು ಬೇಕಿತ್ತು.

ಆ ಒಂದು ಮರುದಿನವೇ ತಾನಾಗಿ ನಡೆದುಕೊಂಡು ಬಂತು. ದಾರ್ಸೈಟ್ ಬಡಾವಣೆಯ ಅನೂಪ್, ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ಜೊತೆಗೆ ಅವನ ಅಪ್ಪ ಹೊನ್ನಪ್ಪ, ಮದ್ದೂರಿನ ಕಡೆಯವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹುಡುಗನ ಕಣ್ಣು ಎರಡು ಬಾಗಿಲಿನ ಹಳದಿ ಸ್ಪೋರ್ಟ್ಸ್ ಕಾರಿನ ಮೇಲೆ ನೆಟ್ಟಿತ್ತು. ಕಾರು ಮಗನ ಹೆಸರಿಗೆ, ಜಾಮೀನು ಅಪ್ಪನದು, ಕಂತು ಐದು ವರ್ಷ. ಓದು ಮುಗಿದ ಮೇಲೆ ತಾನೇ ಕಟ್ಟುವೆನೆಂದು ಅನೂಪ್ ಹೇಳಿದ. ಅಲ್ಲಿಯವರೆಗೆ ತಮ್ಮದೆಂದು ಹೊನ್ನಪ್ಪ ಹೇಳಿದರು. ಡಾಲಿಬಾಯಿ ಸಂಬಳದ ಪತ್ರ ನೋಡಿದರು. ಕಂತು ಹತ್ತಿರ ಹತ್ತಿರ ಅರ್ಧ ಸಂಬಳ. ಹುದ್ದೆ, ಎಸಿ ಟೆಕ್ನಿಷಿಯನ್.

ಯಾವತ್ತೂ ಸವಾರಿಗೆ ಮೊದಲು ಬ್ಯಾಗು ಹೆಗಲಿಗೇರಿಸುತ್ತಿದ್ದವರು ಅಂದು ಬ್ಯಾಗಿಗೆ ಕೈಹಾಕಲಿಲ್ಲ. ಈ ಒಂದು ಸಲ ಬಿಟ್ಟರೆ ಯಾರು ಕೇಳುತ್ತಾರೆ? ದೂರದಿಂದ ಟೆರೆನ್ಸ್ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ಡಾಲಿಬಾಯಿಗೆ ಗ್ಲಾಡ್ವಿನ್‌ರ ಮುಖ ನೆನಪಾಯಿತು. ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. "ಏಳಿ, ಹೋಗಿಬರುವ" ಎಂದು ಎದ್ದೇಬಿಟ್ಟರು.

ಹಳದಿ ಕಾರಿನ ಹಿಂದಿನ ಸೀಟು ಹೆಸರಿಗಷ್ಟೇ ಸೀಟು. ಡಾಲಿಬಾಯಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು, ಮನಸ್ಸಿನಲ್ಲೇ ಕೊಂಕಣಿಯಲ್ಲಿ ಕಂಪನಿಯವರಿಗೆ ಸಹಸ್ರನಾಮ ಮಾಡುತ್ತ ಕೂತರು. ಹೊನ್ನಪ್ಪ ದಾರಿ ಹೇಳಿದರು. ರುವಿಯಲ್ಲಿ ನೀಲಿ ಗಾಜಿನ ದೊಡ್ಡ ಕಟ್ಟಡದ ಮುಂದೆ ಕಾರು ನಿಂತಿತು. ಮೇಲೆ ಸಂಬಳದ ಪತ್ರದಲ್ಲಿದ್ದ ಅದೇ ಕಂಪನಿಯ ಹೆಸರು ಥಳಥಳ ಹೊಳೆಯುತ್ತಿತ್ತು. ಅಪ್ಪನ ಆಫೀಸು ಇಷ್ಟು ಚೆನ್ನಾಗಿದೆಯೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಅನೂಪ್ ಖುಷಿಯಿಂದ ಹೇಳಿದ. ಹೊನ್ನಪ್ಪ ನಗಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ಡಾಲಿಬಾಯಿಯ ಕಣ್ಣನ್ನು ಹುಡುಕಿ, ಅಲ್ಲೇ ನಿಂತಿತು. ಇಷ್ಟಕ್ಕೇ ಬಿಟ್ಟುಬಿಡಿ ತಾಯಿ, ಎಂಬಂತೆ.

ಡಾಲಿಬಾಯಿಗೆ ಆಗ ಅರ್ಥವಾಯಿತು. ಇಪ್ಪತ್ತು ವರ್ಷದ ಮಗ ಅಪ್ಪ ಕೆಲಸ ಮಾಡುವ ಜಾಗವನ್ನು ಒಂದು ದಿನವೂ ನೋಡಿಲ್ಲ. ಇಲ್ಲಿಯ ಎಷ್ಟೋ ಮನೆಗಳ ಕಥೆ ಇದೇ. ಅಪ್ಪಂದಿರು ಕೆಲಸದ ಬಟ್ಟೆಯನ್ನು ಸೈಟಿನಲ್ಲೇ ಕಳಚಿಟ್ಟು, ಸೋಪು ಹಾಕಿ ಮೈತೊಳೆದು, ಬಿಳಿ ಅಂಗಿಯಲ್ಲಿ ಮನೆಗೆ ಬರುತ್ತಾರೆ. ಮಕ್ಕಳು ಕೇಳುವುದಿಲ್ಲ, ಅಪ್ಪಂದಿರು ಹೇಳುವುದಿಲ್ಲ. ಅವರ ಮಾನ ಕಳೆಯಲು ತಾನು ಯಾರು? ಇಲ್ಲಿಂದಲೇ ತಿರುಗಿದರೆ ನಿಯಮವೂ ಉಳಿಯಿತು, ಎಂಟನೇ ಫೈಲೂ ಆಯಿತು, ವೀಸಾವೂ ಆಯಿತು.

ಆದರೂ, ಯಾವತ್ತೂ ಇಲ್ಲದಷ್ಟು ಮೆತ್ತಗೆ ಕೇಳಿದರು. "ಹೊನ್ನಪ್ಪಣ್ಣ, ಕಂತು ಇಲ್ಲಿಂದ ಬರ್ತದಾ?"

ಹೊನ್ನಪ್ಪ ಗಾಜಿನ ಕಟ್ಟಡದಿಂದ ಮುಖ ತಿರುಗಿಸಿದರು. "ಇಲ್ಲ ಕಣಮ್ಮ" ಎಂದರು. ಆಮೇಲೆ ಮಗನಿಗೆ, "ನಡಿಯಪ್ಪ, ವಾದಿ ಕಬೀರ್‌ಗೆ ಹೋಗಾನ" ಎಂದರು.

ವಾದಿ ಕಬೀರ್‌ನ ಹಳೆಯ ಐದಂತಸ್ತಿನ ಕಟ್ಟಡದ ಓಣಿಯ ಉಬ್ಬಿಗೆ ಕಾರಿನ ತಗ್ಗು ಮೂತಿ ತಾಗಿ ಕಿರ್ರೆಂದಿತು. ಹೊರಗೆ ನಿಲ್ಲಿಸಿ ನಡೆದರು. ಕೊನೆಯ ಮಹಡಿಯಿಂದ ತಾರಸಿಗೆ ಕಬ್ಬಿಣದ ಏಣಿ. ಹೊನ್ನಪ್ಪ ಬಿಳಿ ಅಂಗಿಯ ತೋಳು ಮಡಚಿ ಸರಸರ ಹತ್ತಿದರು. ಹಿಂದೆ ಅನೂಪ್ ಏಣಿ ಹಿಡಿದವನು ಹಾ ಎಂದು ಕೈ ಕೊಡವಿಕೊಂಡ. ಬೆಳಗಿನ ಹನ್ನೊಂದಕ್ಕೇ ಕಬ್ಬಿಣ ಹೆಂಚಿನಂತೆ ಕಾದಿತ್ತು. ಅಪ್ಪನ ಅಂಗೈಗೆ ಅದು ಗೊತ್ತೇ ಆಗಿರಲಿಲ್ಲ. ಹುಡುಗ ಕರವಸ್ತ್ರ ಸುತ್ತಿಕೊಂಡು ಹತ್ತಿದ. ಡಾಲಿಬಾಯಿ ದುಪಟ್ಟಾ ಸುತ್ತಿಕೊಂಡು, ಯೇಸುವನ್ನು ನೆನೆಯುತ್ತ ಹತ್ತಿದರು.

ಮೇಲೆ ಮೂವತ್ತೆರಡು ಎಸಿ ಯಂತ್ರಗಳು ಒಟ್ಟಿಗೆ ಬಿಸಿಗಾಳಿ ಉಗುಳುತ್ತಿದ್ದವು. ಹೊನ್ನಪ್ಪನವರ ನಾಚಿಕೆ ಅಲ್ಲೇ ಎಲ್ಲೋ ಉದುರಿಹೋಯಿತು. ಒಂದೊಂದರ ಮೇಲೂ ಅಂಗೈ ಇಟ್ಟು, ಇದಕ್ಕೆ ಗ್ಯಾಸು ಕಡಿಮೆ, ಇದು ಇನ್ನೊಂದು ವಾರಕ್ಕೆ ಮಲಗುತ್ತದೆ, ಇದು ಹದಿನಾಲ್ಕು ವರ್ಷದ್ದು, ನಾನು ಸಾಯಲು ಬಿಟ್ಟಿಲ್ಲ ಎಂದು ತೋರಿಸಿದರು. ಆ ನೆತ್ತಿ ಸುಡುವ ಬಿಸಿಲಲ್ಲಿ ಆ ಮನುಷ್ಯ ರಾಜನ ಹಾಗೆ ಕಾಣುತ್ತಿದ್ದರು. ಡಾಲಿಬಾಯಿಗೆ ಕಣ್ಣು ತುಂಬಿತು, ಬೆವರೆಂದು ಒರೆಸಿಕೊಂಡರು.

ಅನೂಪ್ ಅಪ್ಪನ ಕಾಂಟ್ರಾಕ್ಟು ಇನ್ನೆಷ್ಟು ವರ್ಷವೆಂದು ಕೇಳಿದ. ಎರಡು ಎಂದರು ಹೊನ್ನಪ್ಪ. ಕಂತು ಐದು ವರ್ಷ.

"ಮತ್ತೆ ಅಪ್ಪ, ಉಳಿದ ಮೂರು ವರ್ಷ?"

"ಕೇಳ್ಕಂಡ್ರೆ ಇರಿಸ್ಕತಾರೆ ಬುಡು. ಮೈಯಲ್ಲಿ ಶಕ್ತಿ ಐತೆ."

ಇಳಿಯುವಾಗ ಹುಡುಗ ತಾನೇ ಮೊದಲು ಇಳಿದು, ಕೆಳಗೆ ನಿಂತು, ಅಪ್ಪ ಇಳಿದು ಮುಗಿಸುವವರೆಗೂ ಏಣಿಯನ್ನು ಬರಿಗೈಯಲ್ಲಿ ಹಿಡಿದುಕೊಂಡಿದ್ದ. ಶೋರೂಮಿಗೆ ಬಂದು ಕಾರಿನ ಕೀಲಿಯನ್ನು ಡಾಲಿಬಾಯಿಯ ಮೇಜಿನ ಮೇಲಿಟ್ಟು, ಸಾರಿ ಆಂಟಿ ಎಂದು ಹೊರಟುಹೋದ.

ಎಂಟನೇ ಫೈಲು ಆಗಲೇ ಇಲ್ಲ. ಜುಲೈ ಒಂದನೇ ತಾರೀಖು ಟೆರೆನ್ಸ್ ಮುಖ ಗಂಟು ಹಾಕಿಕೊಂಡೇ ಕರೆದ. ಮೇಲಿನವರ ಹತ್ತಿರ ಗೋಗರೆದು ವೀಸಾ ಉಳಿಸಿದ್ದ, ಮೇಜು ಉಳಿಸಲಾಗಿರಲಿಲ್ಲ. ಇನ್ನು ಮೇಲೆ ಹಿತ್ತಲಿನ ಹಳೆ ಕಾರುಗಳ ಅಂಗಳ, ತಗಡಿನ ಶೆಡ್ಡು, ಸಂಬಳವೂ ಕಡಿಮೆ. ಡಾಲಿಬಾಯಿ ಖಲಾಸ್ ಎಂದು ನೀರಿನ ಬಾಟಲಿ ಎತ್ತಿಕೊಂಡು ಹಿತ್ತಲಿಗೆ ನಡೆದರು. ಶೆಡ್ಡಿನಲ್ಲಿ ಕೂತು ಒಬ್ಬರೇ ಅತ್ತದ್ದೂ ಉಂಟು, ಸುಳ್ಳು ಏಕೆ ಹೇಳಬೇಕು?

ಮೂರನೇ ವಾರ ಅಪ್ಪ ಮಗ ಇಬ್ಬರೂ ಅಂಗಳಕ್ಕೆ ಬಂದರು. ಹೊನ್ನಪ್ಪ ಹತ್ತು ಹಳೆ ಕಾರುಗಳ ಎಸಿಯ ಮುಂದೆ ಅಂಗೈ ಹಿಡಿದು ನೋಡಿ, ಒಂದು ಬೂದು ಬಣ್ಣದ ನಾಲ್ಕು ಬಾಗಿಲಿನ ಕಾರನ್ನು ಆರಿಸಿದರು. ಸಾಲವಿಲ್ಲ, ಪೂರ್ತಿ ನಗದು. ಡಾಲಿಬಾಯಿ ಕಾಗದ ತುಂಬಿಸಿ, ಹಳೆಯ ದನಿಯನ್ನೆಲ್ಲ ಒಟ್ಟುಮಾಡಿ, "ಸಾಲ ಇಲ್ಲದಿದ್ರೂ ನನ್ನ ನಿಯಮ ಉಂಟು ಮಾರಾಯ, ದುಡ್ಡು ಹುಟ್ಟಿದಲ್ಲಿಗೆ ಒಂದು ಸಲ ಹೋಗಿ ಬರ್ಬೇಕು" ಎಂದರು.

ಅನೂಪ್ ಅಪ್ಪನಿಗೆ ಬಾಗಿಲು ತೆರೆದು ಹಿಡಿದು ನಿಂತಿದ್ದ. "ಒಂದ್ ಸಲ ಅಲ್ಲ ಆಂಟಿ, ದಿನಾ ಹೋಗ್ತೀನಿ" ಎಂದ. "ಬೆಳಿಗ್ಗೆ ಅಪ್ಪನ್ನ ಅಲ್ಲಿ ಬಿಟ್ಟೇ ನಾನು ಕಾಲೇಜಿಗೆ ಹೋಗೋದು."