ಮೂರನೇ ಗುಂಡಿಯ ಕುಂಕುಮ

ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುವ ಗುಮಾಸ್ತರು. ಅಂಥವರು ಕಾರಿನ ಇಂಜಿನ್ನಿಗೆ ಕೈ ಹಾಕಿದರೆ ನೋಡಲು ಎರಡು ಕಣ್ಣು ಸಾಲದು. ಆ ಭಾನುವಾರ ಬೆಳಿಗ್ಗೆ ಶಿಕಾರಿಪುರದ ನಮ್ಮ ಮನೆಯ ಅಂಗಳದಲ್ಲಿ ಬಾನೆಟ್ ಎತ್ತುವ ಮೊದಲು ಕನ್ನಡಕ ಒರೆಸಿಕೊಂಡರು. ಮೊಬೈಲಿನಲ್ಲಿ ಪ್ಲಗ್ಗು ಬದಲಿಸುವ ವಿಡಿಯೋ ಮತ್ತೊಮ್ಮೆ ನೋಡಿದರು. ಆಮೇಲೆ ಬಿಳಿ ಟೇಪು ತಂದು, ಪ್ಲಗ್ಗಿಗೆ ಕಿಡಿ ಕೊಡುವ ನಾಲ್ಕು ಇಗ್ನಿಷನ್ ಕಾಯಿಲ್‌ಗಳಿಗೂ ಒಂದರಿಂದ ನಾಲ್ಕರವರೆಗೆ ಮುದ್ದಾಗಿ ನಂಬರು ಬರೆದು ಅಂಟಿಸಿದರು.

"ಸರ್ವೆ ನಂಬರ್ ಆಯ್ತಲ್ಲ, ಚೆಕ್ಕುಬಂದಿನೂ ಬರೀರಿ," ಎಂದೆ. "ಪೂರ್ವಕ್ಕೆ ಬ್ಯಾಟರಿ, ಪಶ್ಚಿಮಕ್ಕೆ ರೇಡಿಯೇಟರ್."

"ಸುಮ್ನಿರು ಮಾರಾಯ್ತಿ," ಎಂದರು.

ಸುಮ್ಮನಿರಲು ಹೇಗೆ ಸಾಧ್ಯ? ಕಾರು ನನ್ನದು. ನಾನು ಕ್ಯಾಸನೂರಿನ ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಮಂಗನ ಕಾಯಿಲೆಯ ಕಾಲ ಬಂತೆಂದರೆ ಕಾಡಂಚಿನ ಮನೆಮನೆಗೂ ಹೋಗಬೇಕು. ಸೊರಬದಲ್ಲಿ ಬಸ್ಸು ಬದಲಿಸಿ ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಜನ ಗದ್ದೆಗೆ ಹೋಗಿಬಿಟ್ಟಿರುತ್ತಾರೆ. ಕಾರಿಲ್ಲದೆ ಆ ಕೆಲಸವೇ ಇಲ್ಲ.

ಅಂಥ ಕಾರು ಆಯುಧಪೂಜೆ ಕಳೆದ ಮೂರೇ ದಿನಕ್ಕೆ ಕುಂಟತೊಡಗಿತು. ಎರಡನೇ ಗೇರಿನಲ್ಲಿ ಜಗ್ಗಾಟ, ನಿಲ್ಲಿಸಿದರೆ ಗಡಗಡ ನಡುಕ, ಮುಂದೆ ಕಣ್ಣು ಮಿಟುಕಿಸುವ ಹಳದಿ ದೀಪ. ಗ್ಯಾರೇಜಿನ ಮಹಾಶಯ ಬಾನೆಟ್ಟನ್ನು ಪೂರ್ತಿ ಎತ್ತಲೂ ಇಲ್ಲ, "ಇಂಜಿನ್ ಇಳಿಸ್ಬೇಕ್ರೀ ಮೇಡಂ" ಎಂದ. ನೆಗಡಿ ಎಂದು ಬಂದವರಿಗೆ ನಾನು ಹೊಟ್ಟೆ ಕೊಯ್ಯುತ್ತೇನೆ ಎಂದ ಹಾಗಾಯಿತು.

ಇನ್ನು ನಮ್ಮ ಭಾವ, ಯಜಮಾನರ ಅಣ್ಣ. ಪಕ್ಕದ ಮನೆಯಲ್ಲೇ ಇದ್ದಾರೆ. ಸ್ವಂತ ಟ್ರ್ಯಾಕ್ಟರಿನ ಆಯಿಲ್ ಬದಲಿಸಲು ಬಾರದಿದ್ದರೂ ಊರ ಗಾಡಿಗಳಿಗೆಲ್ಲ ತೀರ್ಪು ಕೊಡುವವರು. ನನ್ನ ಮುಖ ನೋಡಿ ಹೇಳುವ ಧೈರ್ಯವಿಲ್ಲ, ತಮ್ಮನಿಗೆ ಹೇಳಿದರು: "ಈಸೂರಿನೋರೊಬ್ರು ಭಾನುವಾರ ನೋಡಾಕ ಬರ್ತಾರ. ಕೊಟ್ಟು ಕೈ ತೊಳ್ಕೋ. ಹೆಂಗಸ್ರ ಕೈಯಾಗ ಗಾಡಿ ಉಳಿತೈತೇನು? ಆ ನೌಕರಿನೂ ಸಾಕು, ಮನಿಯಾಗಿರ್ಲಿ." ನಮ್ಮವರು ಮೊಬೈಲಿನಲ್ಲಿ ರಿಪೇರಿಯ ವಿಡಿಯೋ ಹುಡುಕಿ ನೋಡಿದರು. ಶಿವಮೊಗ್ಗದಿಂದ ನಾಲ್ಕು ಪ್ಲಗ್ಗು, ಒಂದು ಕಾಯಿಲ್ ತರಿಸಿಟ್ಟರು, ಅಷ್ಟೇ.

ನಂಬರು ಹಚ್ಚಿ ಮುಗಿದ ಮೇಲೆ ಇಂಜಿನ್ ಚಾಲೂ ಮಾಡಿಸಿದರು. ಒಂದನೇ ಕಾಯಿಲ್ಲಿನ ವೈರು ಕಿತ್ತರು, ನಡುಕ ಜೋರಾಯಿತು. ಮತ್ತೆ ಸಿಕ್ಕಿಸಿ ಎರಡನೆಯದನ್ನು ಕಿತ್ತರು, ಅದೂ ಹಾಗೇ. ಮೂರನೆಯದನ್ನು ಕಿತ್ತಾಗ ಏನೂ ವ್ಯತ್ಯಾಸವಾಗಲಿಲ್ಲ.

"ಸಿಕ್ತು. ಕೆಟ್ಟಿರೋದು ಇದೇ," ಎಂದರು.

"ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ," ಎಂದೆ. "ಥೇಟ್ ನಿಮ್ಮ ಹಾಗೆ."

ಅವರು ನಕ್ಕರು. ಆ ನಗು ಕಂಡರೆ ನನಗೆ ಇನ್ನಷ್ಟು ಸಿಟ್ಟು. ಇಂಜಿನ್ ಆರಲಿ ಎಂದು ಮುಕ್ಕಾಲು ಗಂಟೆ ಕಾಯಿಸಿದರು. ಆಮೇಲೆ ಹತ್ತರ ಸ್ಪ್ಯಾನರಿನಲ್ಲಿ ಬೋಲ್ಟು ಬಿಚ್ಚಿ, ಮೂರನೇ ಕಾಯಿಲ್ಲನ್ನು ಅಲ್ಲಾಡಿಸಿ ಅಲ್ಲಾಡಿಸಿ ಮೇಲೆಳೆದರು. ಅದರ ಕತ್ತಿನ ರಬ್ಬರು ಸೀಳಿತ್ತು, ತುದಿ ತುಕ್ಕು ಹಿಡಿದಿತ್ತು. ಪ್ಲಗ್ಗು ಕೂರುವ ಗುಂಡಿಯೊಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಸ್ಕ್ರೂಡ್ರೈವರಿಗೆ ಬಿಳಿ ಬಟ್ಟೆ ಸುತ್ತಿ ಇಳಿಸಿ ತೆಗೆದರು. ಬಟ್ಟೆ ಒದ್ದೆಯಾಗಿ ಕೆಂಪಗಾಗಿತ್ತು. ಅದು ತುಕ್ಕಲ್ಲ, ಕುಂಕುಮ.

ಅಯ್ಯೋ ದೇವರೇ! ಆ ಕುಂಕುಮ ನನ್ನದೇ. ನನ್ನ ತವರಿನಲ್ಲಿ ಅಪ್ಪ ಆಯುಧಪೂಜೆಗೆ ಟಿಲ್ಲರನ್ನು ತೊಳೆದು, ಇಂಜಿನ್ನಿಗೇ ಕುಂಕುಮ ಇಡುತ್ತಿದ್ದರು. ಪೂಜೆ ಯಂತ್ರಕ್ಕೆ, ತಗಡಿಗಲ್ಲ ಎನ್ನುತ್ತಿದ್ದರು. ಅದೇ ಜಂಬದಲ್ಲಿ ನಾನೂ ಇಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಒಂದೊಂದು ಕಾಯಿಲ್ಲಿನ ತಲೆಗೂ ಕುಂಕುಮ ಮೆತ್ತಿದ್ದೆ. ಮಾರನೇ ದಿನ ಕಲೆ ಉಳಿಯಿತೆಂದು ಪೈಪು ಹಿಡಿದು ತೊಳೆದೂ ಬಿಟ್ಟೆ. ಆ ನೀರೇ ಕುಂಕುಮದ ಜೊತೆ ಗುಂಡಿಗೆ ಇಳಿದಿತ್ತು. "ಅಲ್ಲಿಗೆ ನೀರು ಹೊಡಿಬ್ಯಾಡ, ಕರೆಂಟಿನ ಜಾಗ ಅದು" ಎಂದು ಇವರು ಬೇಡಿಕೊಂಡಿದ್ದರು. "ಪಹಣಿ ತಿದ್ದೋರು ಪಹಣಿ ತಿದ್ದಿ" ಎಂದಿದ್ದೆ.

ಅವತ್ತೇ ಹೇಳಿದ್ದೆ ಎಂದು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಬಟ್ಟೆಯನ್ನು ಮಡ್‌ಗಾರ್ಡ್ ಮೇಲೆ ಹಾಕಿದರು. ಸೈಕಲ್ ಪಂಪಿನಿಂದ ಗುಂಡಿಗೆ ಗಾಳಿ ಹೊಡೆದು ಒಣಗಿಸಿದರು. ಹಳೇ ಪ್ಲಗ್ಗು ಬಿಚ್ಚಿ, ಹೊಸದನ್ನು ಮೊದಲು ಬೆರಳಿನಲ್ಲೇ ನಿಧಾನ ತಿರುಗಿಸಿ ಕೂರಿಸಿದರು. ಉಳಿದ ಮೂರನ್ನೂ ಹಾಗೇ ಬದಲಿಸಿ, ಮೂರನೇ ನಂಬರಿಗೆ ಹೊಸ ಕಾಯಿಲ್ ಹಾಕಿದರು. ಕೀಲಿ ತಿರುಗಿಸಿದೆ. ಇಂಜಿನ್ ಒಂಚೂರೂ ನಡುಗಲಿಲ್ಲ.

ಅಷ್ಟರಲ್ಲಿ ಭಾವ ಈಸೂರಿನವರನ್ನು ಕರೆದುಕೊಂಡು ಬಂದೇಬಿಟ್ಟರು. ಮಡ್‌ಗಾರ್ಡ್ ಮೇಲೆ ಬಿದ್ದಿದ್ದ ಒದ್ದೆ ಕೆಂಪು ಬಟ್ಟೆ ನೋಡಿ ನನ್ನ ಕಡೆ ತಿರುಗಿದರು.

"ಇಂಜಿನ್ನಿಗೆ ನೀರು ಹೊಡದೋರು ಯಾರು? ನಾ ಹೇಳಿಲ್ಲೇನು, ಹೆಂಗಸ್ರ ಕೈಯಾಗ..."

"ನಾನೇ ಅಣ್ಣ," ಎಂದರು ನಮ್ಮವರು. "ಬುದ್ಧಿ ಇಲ್ದ ತೊಳದೆ."

ಭಾವನ ಮಾತು ಅರ್ಧಕ್ಕೇ ನಿಂತಿತು. ಆಮೇಲೆ ಹೊರಗಿನವರ ಎದುರಿಗೇ ತಮ್ಮನಿಗೆ ಸಹಸ್ರನಾಮ ಶುರುವಾಯಿತು: ದಡ್ಡ, ಕೈಲಾಗದೋನು, ಬರೀ ಕಾಗದ ತಿನ್ನೋನು. ಇವರು ತಲೆ ತಗ್ಗಿಸಿ ಸ್ಪ್ಯಾನರು ಒರೆಸುತ್ತಾ ನಿಂತರು. ಈಸೂರಿನವರು ಇಂಜಿನ್ ಸದ್ದು ಕೇಳಿ, "ಇಷ್ಟು ಚಲೋ ಐತಿ, ಮಾರೋದ್ಯಾಕ್ರೀ?" ಎಂದರು.

ನಾನು ಬಾಯಿ ಬಿಟ್ಟಿದ್ದರೆ ಭಾವನ ಆ ಅರ್ಧ ಮಾತು ಪೂರ್ತಿಯಾಗಿ ಕಾರು ಹೋಗುತ್ತಿತ್ತು, ಅದರ ಹಿಂದೆ ನೌಕರಿಯೂ. ನಮ್ಮವರಿಗೆ ಅದು ಗೊತ್ತಿತ್ತು. ಊರಿಗೆಲ್ಲ ಉತ್ತರ ಕೊಡುವವಳು ನಾನು ಅಂದು ತುಟಿ ಹೊಲಿದುಕೊಂಡು ನಿಂತೆ.

ಸೋಮವಾರ ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಹೋದೆ. ಕಾರು ಎಲ್ಲೂ ಜಗ್ಗಲಿಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದಿದ್ದೆನಲ್ಲ, ಆ ಮಾತನ್ನು ಇವತ್ತಿಗೂ ಅವರ ಎದುರು ವಾಪಸು ತೆಗೆದುಕೊಂಡಿಲ್ಲ. ನನ್ನ ಬಾಯಿಗೆ ಮಣ್ಣು ಹಾಕ.