ಬಿಸಿನೀರಕ್ಕನ ಇಪ್ಪತ್ತು ಹೆರಿಗೆಗಳು

ಹೆರಿಗೆ ಕೋಣೆಗೆ ಯಾರೇ ನೋವು ತಿನ್ನುತ್ತ ಬರಲಿ, ಅವಳು ಮೊದಲು ನೀರು ಕಾಯಲು ಇಡುತ್ತಿದ್ದಳು. ಬೇಡವೆಂದು ಡಾಕ್ಟರು ಹೇಳಿದರೂ ಇಡುತ್ತಿದ್ದಳು. ಬೇರೆ ಯಾವುದಕ್ಕೂ ಒದಗದಿದ್ದರೆ ಕೊನೆಗೆ ಬಾಣಂತಿಯ ಪಾದ ತೊಳೆಯುವುದಕ್ಕಾದರೂ ಆಗುತ್ತಿತ್ತು. ಹೀಗೆ ಆ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಅವಳು ಎಲ್ಲರಿಗೂ ಬಿಸಿನೀರಕ್ಕ. ಸಂಬಳದ ಪುಸ್ತಕದಲ್ಲಿ ಮಾತ್ರ ಆಯಾ.

ಹದಿನಾರು ವರ್ಷ ಅವಳು ಅಲ್ಲಿ ಬೆಡ್‌ಪ್ಯಾನ್ ತೊಳೆದಳು, ಹಾಸಿಗೆ ಬದಲಿಸಿದಳು, ಹೆಂಡತಿಗಿಂತ ಜೋರಾಗಿ ಅಳುವ ಗಂಡಂದಿರನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ಸಮಾಧಾನ ಮಾಡಿದಳು. ಡಾಕ್ಟರು ದಾರಿಯಲ್ಲಿದ್ದು ಮಗು ಕಾಯಲು ಒಪ್ಪದ ದಿನಗಳಲ್ಲಿ ದೊಡ್ಡ ಸಿಸ್ಟರ್ ಅವಳನ್ನೇ ಕೂಗಿ ಕರೆಯುತ್ತಿದ್ದರು. ಸಿಸ್ಟರ್‌ಗೆ ಮಂಡಿನೋವು, ಬಹಳ ಹೊತ್ತು ಬಾಗಿ ನಿಲ್ಲಲು ಆಗುತ್ತಿರಲಿಲ್ಲ. ಅವರು ತಲೆಯ ಬಳಿ ನಿಂತು ಹೇಳುತ್ತಿದ್ದರು, ಇವಳ ಕೈ ಮಾಡುತ್ತಿತ್ತು. ವರ್ಷಗಳು ಕಳೆದಂತೆ ಹೇಳುವುದೂ ನಿಂತಿತು; ಅವಳ ಕೈ ಅಷ್ಟು ಪಳಗಿತ್ತು.

ಒಂದು ಮಧ್ಯಾಹ್ನ ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ ತಿರುಗಿದಾಗ, ಸಿಸ್ಟರ್ ರಿಜಿಸ್ಟರಿನಲ್ಲಿ ಬರೆಯುತ್ತಿದ್ದದ್ದು ಕಣ್ಣಿಗೆ ಬಿತ್ತು. ‘ಹೆರಿಗೆ ಮಾಡಿಸಿದವರು’ ಎಂಬ ಕಾಲಮ್ಮಿನಲ್ಲಿ ಡಾಕ್ಟರ ಹೆಸರಿತ್ತು. ಡಾಕ್ಟರ ಕಾರು ಆಗಿನ್ನೂ ಗೇಟಿನೊಳಗೆ ಬರುತ್ತಿತ್ತು. ಅವಳಿಗೆ ಕೋಪ ಬರಲಿಲ್ಲ. ಆದರೆ ಆ ಕಾಲಮ್ಮು ತಲೆಯೊಳಗೆ ಹೊಕ್ಕು ಅಲ್ಲೇ ಉಳಿಯಿತು. ಮೂವತ್ತೊಂದನೇ ವಯಸ್ಸಿನಲ್ಲಿ ಸಂಜೆ ಶಾಲೆಗೆ ಸೇರಿ, ಎರಡು ವರ್ಷ ತೂಕಡಿಸುತ್ತ ಓದಿ, ಹನ್ನೆರಡನೇ ತರಗತಿ ಪಾಸಾದಳು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಟ್ಟೆಯ ಕಪಾಟಿನಲ್ಲಿ ಸೀರೆಗಳ ನಡುವೆ ಇಟ್ಟಳು.

ನರ್ಸಿಂಗ್ ಕಾಲೇಜು ಒಂದು ಪೀಠೋಪಕರಣದ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವವರೆಗೂ ವಾರ್ನಿಷ್ ವಾಸನೆ, ಹತ್ತಿದ ಮೇಲೆ ಫಿನಾಯಿಲ್ ವಾಸನೆ. ಅಲ್ಲಿ ವಯಸ್ಸು ಕೇಳಲಿಲ್ಲ. ಶುಲ್ಕಕ್ಕೆ ಎಷ್ಟು ಕಂತು ಮಾಡಿಕೊಡಬೇಕೆಂದಷ್ಟೇ ಕೇಳಿದರು. ಆಫೀಸಿನ ಮ್ಯಾನೇಜರು ಮೃದುವಾಗಿ ಮಾತಾಡುವ ಮನುಷ್ಯ. ನಾಲ್ಕು ವರ್ಷ ಕಣ್ಣು ಮುಚ್ಚಿ ಕಳೆದರೆ ಆಮೇಲೆ ಯಾವ ಊರಿಗೆ ಹೋದರೂ ಕೆಲಸ ಕಾದಿರುತ್ತದೆ ಎಂದ. ಕವರಿನಿಂದ ಅಂಕಪಟ್ಟಿ ಹೊರತೆಗೆದು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಖಾಲಿ ಕವರನ್ನು ಅವಳ ಕೈಗೆ ಕೊಟ್ಟ. ನಾಲ್ಕೂ ವರ್ಷದ ಶುಲ್ಕ ಸಂದಾಯವಾಗುವ ತನಕ ಮೂಲಪತ್ರ ಕಾಲೇಜಿನಲ್ಲೇ ಇರಬೇಕು, ನಡುವೆ ಬಿಟ್ಟು ಹೋಗುವವರೂ ಅಷ್ಟನ್ನೂ ಕಟ್ಟಿಯೇ ಹೋಗಬೇಕು ಎಂಬುದು ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅವಳು ಅದನ್ನು ಓದಿಯೇ ಸಹಿ ಹಾಕಿದ್ದಳು. ಬಿಟ್ಟು ಹೋಗುವ ಯೋಚನೆ ಆಗ ಯಾರಿಗಿತ್ತು?

ಮೊದಲ ದಿನ ತರಗತಿಯ ಬಾಗಿಲಲ್ಲಿ ಮೇಡಂ ಅವಳನ್ನು ತಡೆದರು. “ಪೋಷಕರು ಹೊರಗಡೆ ಕೂತ್ಕೊಳ್ಳಿ.”

“ಕಲಿಯೋಕೆ ಬಂದಿರೋಳು ನಾನೇ ಮೇಡಂ.”

ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಂಜೆಯ ಹೊತ್ತಿಗೆ ಅವಳು ಎಲ್ಲರಿಗೂ ಆಂಟಿ. ವಾರದೊಳಗೆ ಅವರ ತಲೆನೋವು, ಮುಟ್ಟಿನ ನೋವು, ಪ್ರೇಮದ ನೋವು ಎಲ್ಲಕ್ಕೂ ಆಂಟಿಯೇ ದಿಕ್ಕು.

ಗಂಡ ದರ್ಜಿ. ಹುಡುಗಿಯರ ಅಳತೆಗೆ ಬಂದಿದ್ದ ಬಿಳಿ ಯೂನಿಫಾರ್ಮಿನ ಹೊಲಿಗೆ ಬಿಚ್ಚಿ, ಪಕ್ಕಗಳಲ್ಲಿ ಪಟ್ಟಿ ಕೊಟ್ಟು ಅವಳಿಗೆ ಹೊಂದಿಸಿದ. ಎರಡನೇ ವರ್ಷದ ಕಂತಿಗೆ ಮೋಟರಿನ ಹೊಲಿಗೆ ಯಂತ್ರ ಮಾರಿದ. ಕಾಲಲ್ಲಿ ತುಳಿಯುವ ಹಳೆಯದು ಉಳಿಯಿತು. ಕಾಲಿಗೆ ವ್ಯಾಯಾಮ ಆಯಿತು ಎಂದ. ಅವನು ಹೆಚ್ಚು ಮಾತಿನವನಲ್ಲ, ಆಡಿದರೆ ತಮಾಷೆಗೇ. ಆ ವರ್ಷ ಪ್ರಾಯೋಗಿಕ ತರಬೇತಿ ಶುರುವಾದಾಗ ಅವನಿಗೆ ನಿಜವಾಗಿ ನಗು ಬಂತು. ಕಾಲೇಜಿಗೆ ಸ್ವಂತ ಆಸ್ಪತ್ರೆ ಇರಲಿಲ್ಲ. ಒಪ್ಪಂದ ಮಾಡಿಕೊಂಡದ್ದು ಅವಳು ಬಿಟ್ಟು ಬಂದ ಅದೇ ಆಸ್ಪತ್ರೆಯ ಜೊತೆ. ಆರು ಆಯಾಗಳಿದ್ದ ವಾರ್ಡಿನಲ್ಲಿ ಈಗ ಇಬ್ಬರು. ಉಳಿದ ಕೆಲಸಕ್ಕೆ ಬಿಳಿ ಬಟ್ಟೆಯ ವಿದ್ಯಾರ್ಥಿನಿಯರು.

“ಮುಂಚೆ ಆ ಬೆಡ್‌ಪ್ಯಾನ್ ತೊಳೆದ್ರೆ ಸಂಬಳ ಕೊಡ್ತಿದ್ರು,” ಎಂದ ಗಂಡ, ಸೂಜಿಗೆ ದಾರ ಪೋಣಿಸುತ್ತ. “ಈಗ ತೊಳೆಯೋಕೆ ನಾವೇ ದುಡ್ಡು ಕಟ್ತೀವಿ. ಓದಿದೋರ ಲೆಕ್ಕಾನೇ ಬೇರೆ ಬಿಡು.”

ಅವಳೂ ನಕ್ಕಳು. ನಗದೆ ಇನ್ನೇನು ಮಾಡುವುದು? ಎರಡು ವರ್ಷ ಕಟ್ಟಿಯಾಗಿತ್ತು. ಮೂರನೆಯದೂ ಹಾಗೇ ಹೋಯಿತು. ಹೋದಷ್ಟೂ ಹಿಂದಿನ ದಾರಿ ಉದ್ದವಾಗುತ್ತ ಬಂತು; ಮುಂದಿನದೇ ಹತ್ತಿರವೆಂದು ತೋರಿತು.

ಕೊನೆಯ ವರ್ಷ ಬಂದದ್ದು ಹೆರಿಗೆ ಪುಸ್ತಕ. ಒಬ್ಬೊಬ್ಬ ವಿದ್ಯಾರ್ಥಿನಿಯೂ ಇಪ್ಪತ್ತು ಹೆರಿಗೆಗಳನ್ನು ತನ್ನ ಕೈಯಾರೆ ಮಾಡಿಸಿ, ಒಂದೊಂದಕ್ಕೂ ಎರಡು ಪುಟ ಬರೆದು, ವಾರ್ಡಿನ ಹಿರಿಯ ನರ್ಸಿನ ಸಹಿ ಪಡೆಯಬೇಕು. ಪುಸ್ತಕ ಒಪ್ಪಿಸಿದರೆ ಮಾತ್ರ ಪರೀಕ್ಷೆಯ ಹಾಲ್ ಟಿಕೆಟ್. ಆದರೆ ಆ ಆಸ್ಪತ್ರೆಯಲ್ಲಿ ಈಗೀಗ ಹೆಚ್ಚಿನ ಮಕ್ಕಳು ಆಪರೇಷನ್ನಿನಲ್ಲೇ ಹುಟ್ಟುತ್ತಿದ್ದವು. ಅಪರೂಪಕ್ಕೆ ಸಹಜ ಹೆರಿಗೆಯಾದರೆ ನಲವತ್ತು ಹುಡುಗಿಯರು ಗೋಡೆಗೆ ಒರಗಿ ಹಿಮ್ಮಡಿ ಎತ್ತಿ ನೋಡುತ್ತಿದ್ದರು. ಹಾಗಾಗಿ ಪುಸ್ತಕಗಳು ಕೈಯಿಂದ ಕೈಗೆ ಬರುತ್ತಿದ್ದವು. ಹಿಂದಿನ ತಂಡದವರದನ್ನು ಇವರು ನೋಡಿ ಬರೆದುಕೊಳ್ಳುವುದು, ತಾಯಿಯ ಹೆಸರು, ತಾರೀಕು ಬದಲಿಸುವುದು, ತೂಕವನ್ನು ಒಂದಿಷ್ಟು ಆಚೀಚೆ ಮಾಡುವುದು. ಅದೇ ಇಪ್ಪತ್ತು ಮಕ್ಕಳು ವರ್ಷವರ್ಷವೂ ಹುಟ್ಟುತ್ತಿದ್ದವು, ನೂರು ಗ್ರಾಂ ದಪ್ಪವಾಗಿಯೋ ಸಣ್ಣವಾಗಿಯೋ. ದೊಡ್ಡ ಸಿಸ್ಟರ್ ಆ ಪುಸ್ತಕಗಳ ರಾಶಿಯನ್ನು ಮುಂದಿಟ್ಟುಕೊಂಡು, ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತ, ಓದದೆ ಸಹಿ ಮಾಡುತ್ತಿದ್ದರು.

ಒಬ್ಬ ಹುಡುಗಿ ಆಂಟಿಗೂ ಒಂದು ಹಳೆಯ ಪುಸ್ತಕ ತಂದುಕೊಟ್ಟಳು. ಅವಳು ತೆರೆದಳು, ಎರಡು ಸಾಲು ಬರೆದಳು, ನಿಲ್ಲಿಸಿದಳು. ತಾನು ಕಾಣದ ಮಗುವಿನ ತೂಕ ಬರೆಯಲು ಕೈ ಏಳಲಿಲ್ಲ. ತನಗೇಕೆ ಬೇರೆಯವರ ಮಕ್ಕಳು? ತನ್ನ ಕೈಗೆ ಬಂದವರೇ ನೂರಕ್ಕೆ ಮೇಲಿದ್ದರಲ್ಲ. ಒಂದು ವಾರ ಕೂತು ನೆನಪಿನಿಂದಲೇ ಇಪ್ಪತ್ತನ್ನು ಬರೆದಳು. ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಹಾಕಿಕೊಂಡು ಬಂದವನು. ನೋವಿನಲ್ಲಿ ಅವಳ ಮಣಿಕಟ್ಟು ಕಚ್ಚಿ, ಆಮೇಲೆ ಕ್ಷಮೆ ಕೇಳುತ್ತ ಅತ್ತ ಶಿಕ್ಷಕಿ. ಕಾಲು ಮುಂದೆ ಮಾಡಿ ಬಂದ ಹೆಣ್ಣುಮಗು, ಅದರ ಅಂಗಾಲು ಅವಳ ಹೆಬ್ಬೆರಳಿನಷ್ಟೂ ಇರಲಿಲ್ಲ. ಒಂದೊಂದಕ್ಕೂ ನಿಜವಾದ ತಾರೀಕು ಹಾಕಿದಳು. ಅವಳ ಬಳಿ ಇದ್ದ ಹಳೆಯ ಡ್ಯೂಟಿ ಡೈರಿಗಳಲ್ಲಿ ಎಲ್ಲವೂ ಇದ್ದವು. ಏಳು ವರ್ಷ ಹಿಂದಿನವು, ಹತ್ತು ವರ್ಷ ಹಿಂದಿನವು, ಎಲ್ಲವೂ ಅವಳು ಆಯಾ ಆಗಿದ್ದಾಗಿನವು.

ಸಿಸ್ಟರ್ ಸಹಿ ಹಾಕಲು ಪೆನ್ನೆತ್ತಿದರು. ಮೊದಲ ಪುಟದ ತಾರೀಕು ಕಂಡು ಫೋನಿಟ್ಟರು. ಆಮೇಲೆ ಕನ್ನಡಕ ಹಾಕಿಕೊಂಡು ಕೊನೆಯ ಪುಟದವರೆಗೂ ಓದಿದರು. ಒಂದೆರಡು ಕಡೆ ಅವರ ತುಟಿ ನಗುವಂತೆ ಅಲುಗಿತು. ಮುಗಿಸಿ, ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

“ಇಪ್ಪತ್ತೂ ನಿಜ ಕಣೇ,” ಎಂದರು. “ಅದಕ್ಕೇ ಸಹಿ ಹಾಕೋಕಾಗಲ್ಲ.”

ಆಯಾ ಕೈಯಲ್ಲಿ ಹೆರಿಗೆ ಮಾಡಿಸಿದ್ದು ಬರಹದಲ್ಲಿ ಹೊರಗೆ ಬಂದರೆ ಆಸ್ಪತ್ರೆಗೆ ಬೀಗ ಬೀಳುತ್ತದೆ, ಎರಡು ವರ್ಷದಲ್ಲಿ ನಿವೃತ್ತಿಯಾಗುವ ತಮ್ಮ ಪಿಂಚಣಿಗೂ ಕಲ್ಲು ಬೀಳುತ್ತದೆ ಎಂದು ಮೆಲ್ಲಗೆ ವಿವರಿಸಿದರು. ಸುಳ್ಳು ಬರೆದುಕೊಂಡು ಬಾ, ಈಗಲೇ ಹಾಕುತ್ತೇನೆ ಎಂದರು. ಹೇಳುವಾಗ ಅವಳ ಮುಖ ನೋಡಲಿಲ್ಲ.

ಅವಳು ಒಂಬತ್ತು ದಿನ ಯಾವುದನ್ನೂ ಬರೆಯಲಿಲ್ಲ. ಹತ್ತನೇ ದಿನ ಹಳೆಯ ಪುಸ್ತಕ ತೆಗೆದು, ಹಲ್ಲು ಕಚ್ಚಿಕೊಂಡು, ಯಾರದೋ ಇಪ್ಪತ್ತು ಮಕ್ಕಳನ್ನು ಅಚ್ಚುಕಟ್ಟಾದ ಅಕ್ಷರದಲ್ಲಿ ಇಳಿಸಿದಳು. ಸಹಿಯೂ ಬಿತ್ತು. ಆದರೆ ಕಾಲೇಜಿಗೆ ಒಯ್ಯುವಷ್ಟರಲ್ಲಿ ಕೊನೆಯ ತಾರೀಕು ದಾಟಿತ್ತು.

ಮ್ಯಾನೇಜರು ಬೇಸರ ಮಾಡಿಕೊಳ್ಳಲಿಲ್ಲ. ಇಂಥದಕ್ಕೂ ಅವನ ಬಳಿ ದಾರಿಯಿತ್ತು. ಪುಸ್ತಕ ತಡವಾದರೆ ಇನ್ನೊಂದು ಅರ್ಧ ವರ್ಷ ಮುಂದುವರಿಯಬೇಕು, ಅದರ ಶುಲ್ಕ ಬೇರೆ. ಅವಳು ಕಿಟಕಿಯ ಕಂಬಿ ಹಿಡಿದುಕೊಂಡಳು. ಮನೆಯಲ್ಲಿ ಮಾರುವುದಕ್ಕೆ ತುಳಿಯುವ ಯಂತ್ರವೊಂದೇ ಉಳಿದಿತ್ತು, ಅದು ಹೋದರೆ ಅನ್ನವೂ ಹೋಗುತ್ತದೆ. ಬಿಟ್ಟು ಹೋಗುತ್ತೇನೆಂದರೆ ಮೂರೂವರೆ ವರ್ಷ ನೀರಿನಲ್ಲಿ ಹೋಮ, ಅಂಕಪಟ್ಟಿ ಬೀರುವಿನಲ್ಲಿ, ಆಯಾ ಕೆಲಸವೂ ಬೇರೆಯವಳದ್ದು.

“ಇನ್ನೊಂದು ವ್ಯವಸ್ಥೆ ಇದೆ,” ಎಂದ ಅವನು, ಅದೇ ಮೃದು ದನಿಯಲ್ಲಿ. “ನಿಮ್ಮ ಮಾತಿನ ಮೇಲೆ ಒಬ್ಬರು ಅಡ್ಮಿಷನ್ ಆದ್ರೆ ಈ ಶುಲ್ಕ ಮಾಫಿ. ಹಾಲ್ ಟಿಕೆಟ್ಟೂ ಈ ವಾರಾನೇ ಕೊಡ್ತೀವಿ. ನಿಮ್ಮ ಜಾಗಕ್ಕೆ ಬಂದಿದಾಳಲ್ಲ ಆ ಹುಡುಗಿ, ಆಸೆ ಇದೆ ಅಂತ ಕೇಳ್ದೆ. ನಾವು ಹೇಳಿದ್ರೆ ವ್ಯಾಪಾರ ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ.”

ಆ ಹುಡುಗಿಯನ್ನು ವಾರ್ಡಿನಲ್ಲಿ ಬಿರುಗಾಳಿ ಎನ್ನುತ್ತಿದ್ದರು, ಅಷ್ಟು ನಿಧಾನ ಅವಳು. ಆದರೆ ಅವಳು ಎತ್ತಿಕೊಂಡ ಮಗು ಅಳುತ್ತಿರಲಿಲ್ಲ. ಹನ್ನೆರಡನೇ ತರಗತಿ ಪಾಸಾಗಿದ್ದಳು; ಅಪ್ಪನಿಲ್ಲ, ಅಮ್ಮ ಯಾರದೋ ಮನೆಯ ಅಡುಗೆಯವಳು. ಕಾಲೇಜಿನಲ್ಲಿ ವಿಚಾರಿಸಿದ್ದೆ, ನಿಮ್ಮನ್ನೂ ಕೇಳಬೇಕೆಂದಿದ್ದೆ ಎಂದು ಆ ಮಧ್ಯಾಹ್ನ ಅವಳೇ ಬಟ್ಟೆ ಒಗೆಯುವ ಕೋಣೆಗೆ ಹುಡುಕಿಕೊಂಡು ಬಂದಳು.

“ಸೇರ್ಲಾ ಅಕ್ಕಾ?”

ಒಂದೇ ಒಂದು ಹೂಂ ಸಾಕಿತ್ತು. ಗಂಡನ ಯಂತ್ರ ಉಳಿಯುತ್ತಿತ್ತು, ಹಾಲ್ ಟಿಕೆಟ್ ಬರುತ್ತಿತ್ತು, ಆರು ತಿಂಗಳು ಮಿಗುತ್ತಿತ್ತು. ಬಿಸಿನೀರಕ್ಕ ಒದ್ದೆ ಹಾಸುಗಳನ್ನು ಬುಟ್ಟಿಗೆ ಹಾಕಿ, ಯೂನಿಫಾರ್ಮಿಗೆ ಕೈ ಒರೆಸಿಕೊಂಡು, ಬೇಡ ಎಂದಳು.

ಏಕೆ ಬೇಡವೆಂಬುದನ್ನೂ ಹೇಳಿದಳು. ಕಬ್ಬಿಣದ ಬೀರುವಿನ ಕತೆ, ಗೋಡೆಗೆ ಒರಗಿ ನಿಂತು ನೋಡುವ ನಲವತ್ತು ಹುಡುಗಿಯರ ಕತೆ, ವರ್ಷವರ್ಷವೂ ಹುಟ್ಟುವ ಇಪ್ಪತ್ತು ಮಕ್ಕಳ ಕತೆ, ಏನನ್ನೂ ಮುಚ್ಚಿಡಲಿಲ್ಲ. ನಿನ್ನನ್ನು ಸೇರಿಸಿದರೆ ನನಗೆ ಲಾಭವಿದೆ ಎಂಬುದನ್ನೂ ಹೇಳಿಬಿಟ್ಟಳು. ಸರ್ಕಾರಿ ನರ್ಸಿಂಗ್ ಶಾಲೆಯ ಸೀಟಿಗೆ ಅರ್ಜಿ ಹಾಕು, ಎರಡು ಸಲ ಸಿಗದಿದ್ದರೂ ಮೂರನೆಯ ಸಲ ಹಾಕು ಎಂದಳು.

ಹುಡುಗಿ ನಿಧಾನದವಳು, ಪ್ರಶ್ನೆಯೂ ನಿಧಾನವಾಗಿಯೇ ಬಂತು. “ಹಾಗಾದ್ರೆ ಅಲ್ಲಿ ನೀವು ಏನೂ ಕಲೀಲಿಲ್ವಾ?”

ಇಲ್ಲ ಎನ್ನಬಹುದಿತ್ತು. ನಾಲಿಗೆ ತಿರುಗಲಿಲ್ಲ. “ಕಲಿತೆ,” ಎಂದಳು.

ಹದಿನಾರು ವರ್ಷ ಬೆಡ್ಡಿನಿಂದ ಡಾಕ್ಟರ ಮೇಜಿಗೆ ಬಿ.ಪಿ. ಚೀಟಿ ಹೊತ್ತವಳು ತಾನು; ಮೇಲಿನ ಅಂಕಿ ಏನು, ಕೆಳಗಿನ ಅಂಕಿ ಏನು ಎಂದು ತಿಳಿದಿರಲಿಲ್ಲ. ಎರಡನೇ ವರ್ಷ ಒಂದು ದಿನ ಮೇಡಂ ಹೃದಯದ ಚಿತ್ರ ಬರೆದು ಹೇಳಿದಾಗ, ಹೊತ್ತ ಚೀಟಿಗಳೆಲ್ಲ ಒಮ್ಮೆಲೇ ಬಾಯಿ ಬಿಟ್ಟು ಮಾತಾಡಿದಂತಾಯಿತು. ಹಿಂದೆ ಐದನೇ ಬೆಡ್ಡಿನಲ್ಲಿ ಫಿಟ್ಸ್ ಬಂದು ತೀರಿಕೊಂಡ ಗರ್ಭಿಣಿಯ ಚೀಟಿ ಕೂಡ ತನ್ನ ಕೈಯಲ್ಲೇ ಇತ್ತು. ಆಗಲೇ ಅದನ್ನು ಓದಲು ಬರುತ್ತಿದ್ದರೆ ಓಡುತ್ತಿದ್ದೆ, ನಡೆಯುತ್ತಿರಲಿಲ್ಲ. ಕಳೆದ ತಿಂಗಳು ಅಂಥದ್ದೇ ಅಂಕಿ ಕಂಡಾಗ ಓಡಿದೆ. ಆ ತಾಯಿ ಉಳಿದಳು. ಇಷ್ಟನ್ನು ಹೇಳುವಾಗ ಅವಳ ದನಿ ಎಲ್ಲಿಗೋ ಏರಿತ್ತು. ಅದು ಅವಳಿಗೆ ಗೊತ್ತಾಗಲಿಲ್ಲ. ಎದುರಿಗಿದ್ದವಳಿಗೆ ಗೊತ್ತಾಯಿತು.

ಆದರೂ ಬೇಡ ಎಂದು ಮತ್ತೊಮ್ಮೆ ಹೇಳಿ ಅವಳು ಬುಟ್ಟಿ ಎತ್ತಿಕೊಂಡು ಹೊರಟಳು. ಮನೆಯಲ್ಲಿ ಗಂಡನಿಗೂ ಎಲ್ಲ ಹೇಳಿದಳು. ಅವನು ಯಂತ್ರದ ಮೇಲೆ ಅಂಗೈ ಇಟ್ಟು, ಒಳ್ಳೇದೇ ಮಾಡಿದೆ ಎಂದ. ಆ ದಿನ ಅವನು ತಮಾಷೆ ಮಾಡಲಿಲ್ಲ.

ನಾಲ್ಕನೆಯ ದಿನ ಕಾಲೇಜಿನಿಂದ ಕರೆ ಬಂತು. ಅವಳು ಮೂರು ಮಹಡಿ ಹತ್ತಿ ಆಫೀಸಿನ ಕಿಟಕಿಗೆ ಹೋದಾಗ ಮ್ಯಾನೇಜರು ಹಾಲ್ ಟಿಕೆಟ್ಟನ್ನು ಆಗಲೇ ಹೊರಗೆ ಇಟ್ಟಿದ್ದ. ಪಕ್ಕದಲ್ಲಿ ಒಂದು ಹೊಸ ಅರ್ಜಿ. ‘ನಿಮಗೆ ತಿಳಿಸಿದವರು’ ಎಂಬಲ್ಲಿ, ನಿಧಾನವಾದ ದುಂಡು ಅಕ್ಷರದಲ್ಲಿ ಅವಳ ಪೂರ್ತಿ ಹೆಸರು. ಅರ್ಜಿಯ ಹುಡುಗಿ ಒಳಗಿನ ಬೆಂಚಿನ ಮೇಲೆ, ಯೂನಿಫಾರ್ಮಿಗೆ ಅಳತೆ ಕೊಡಲು ಕಾಯುತ್ತಿದ್ದಳು.

“ಬೇಡ ಅಂದಿದ್ನಲ್ಲೇ.”

“ಅಂದ್ರಿ ಅಕ್ಕಾ.” ಹುಡುಗಿ ಎದ್ದು ನಿಂತಳು. “ಆದ್ರೆ ಆ ಬಿ.ಪಿ. ವಿಷ್ಯ ಹೇಳುವಾಗ ನಿಮ್ಮ ಮುಖ ನೋಡಿದೆ. ನನಗೂ ಹಂಗೆ ಆಗ್ಬೇಕು ಅನ್ನಿಸ್ತು. ಹೇಗೂ ಸೇರ್ತಿದೀನಿ, ನಿಮಗಾದ್ರೂ ಉಪಯೋಗ ಆಗ್ಲಿ ಅಂತ ನಿಮ್ಮ ಹೆಸ್ರು ಬರೆದೆ.”

ಅಂಕಪಟ್ಟಿ ಕೊಟ್ಟಾಯಿತೇ ಎಂದು ಅವಳು ಕೇಳಿದಳು. ಬೆಳಿಗ್ಗೆಯೇ ಕೊಟ್ಟೆ ಎಂದಳು ಹುಡುಗಿ. ಹಾಲ್ ಟಿಕೆಟ್ಟನ್ನು ತಾನು ಹಿಂದಕ್ಕೆ ತಳ್ಳಿದರೆ ಆ ಅಂಕಪಟ್ಟಿ ಹೊರಗೆ ಬರುತ್ತದೆಯೇ ಎಂದು ಮ್ಯಾನೇಜರನ್ನು ಕೇಳಿದಳು. ಅವನು, ಅವೆರಡಕ್ಕೂ ಸಂಬಂಧವಿಲ್ಲವಲ್ಲ ಎಂದು ತಾಳ್ಮೆಯಿಂದ ಹೇಳಿ, ದಾರ ಕಟ್ಟಿದ ಪೆನ್ನನ್ನು ಅವಳ ಕಡೆಗೆ ಸರಿಸಿದ. ಅವಳ ಹಿಂದೆ ಇನ್ನೂ ಮೂವರು ಕಾಯುತ್ತಿದ್ದರು. ಅವಳು ಸಹಿ ಹಾಕಿ ಹಾಲ್ ಟಿಕೆಟ್ ತೆಗೆದುಕೊಂಡಳು.

ಹುಡುಗಿ ಹತ್ತಿರ ಬಂದು, ತರಗತಿ ಎಷ್ಟು ಗಂಟೆಗೆ ಶುರು ಎಂದು ಕೇಳಿದಳು.

“ಎಂಟಕ್ಕೆ. ನೀನು ಏಳೂವರೆಗೇ ಬಾ, ನಿನ್ನ ನಡಿಗೆಗೆ ಮೆಟ್ಟಿಲು ಹತ್ತೋಕೇ ಅರ್ಧ ಗಂಟೆ ಬೇಕು.” ಹಾಲ್ ಟಿಕೆಟ್ಟನ್ನು ಮಡಿಚಿಟ್ಟುಕೊಂಡು ಹೇಳಿದಳು, “ಮುಂದಿನ ಬೆಂಚಲ್ಲಿ ಕೂತ್ಕೋ. ಹಿಂದೆ ಕೂತ್ರೆ ಬೋರ್ಡ್ ಕಾಣಲ್ಲ.”